ಮಂಡ್ಯ ಸೀಮೆಯ ಸುಟ್ಟಮಣ್ಣು: ಅದರ ಬಗೆಬಗೆಯ ಬಳಕೆ ಮತ್ತು ಬಣ್ಣ

ಜಿನಬಿಂಬ ಪ್ರತಿಷ್ಠಾಪನೆಯ ಶುಭಸಂದರ್ಭದಲ್ಲಿ ಭಕ್ತಾದಿಗಳ ದೃಷ್ಟಿ ಶಿಲೆಯ ಕಡೆಗೂ ಪಂಚಲೋಹದ ಕಡೆಗೂ ಹರಿಯುವುದು ಸಹಜ. ಶಿಲ್ಪಿಯ ಉಳಿ ಸೋಕಿದ ಕಲ್ಲು, ಎರಕದಿಂದ ಹೊರಬಂದ ಬಿಂಬ, ಹೊನ್ನಿನ ಮುಲಾಮು ಪಡೆದ ಕಳಶ ಇವೆಲ್ಲವೂ ಶಾಸನಗಳಲ್ಲಿ ಕೊಂಡಾಡಲ್ಪಟ್ಟಿವೆ. ಆದರೆ ಇದೇ ಮಹೋತ್ಸವದಲ್ಲಿ ಮೃತ್ತಿಕಾ ಸಂಗ್ರಹಣವೆಂಬ ವಿಧಿಯೂ, ನವಧಾನ್ಯಗಳನ್ನು ಮಣ್ಣಿನ ಪಾಲಿಕೆಗಳಲ್ಲಿ ಬಿತ್ತುವ ಅಂಕುರಾರ್ಪಣವೂ ಉಂಟಲ್ಲವೆ? ಲೋಹಕ್ಕೂ ಮೊದಲು ಮಾನವನ ಕೈಗೆ ಒದಗಿದ ಕುಶಲವಸ್ತು ಮಣ್ಣು. ಅದನ್ನು ಬೆಂಕಿಯಲ್ಲಿ ಬೇಯಿಸಿ ಶಾಶ್ವತಗೊಳಿಸಿದವನು ಕುಂಬಾರ. ಇಟಲಿಯ ನುಡಿಯಲ್ಲಿ ‘ಟೆರ್ರಾಕೋಟಾ’ ಎಂದರೆ ಬೆಂದ ಮಣ್ಣು ಎಂದೇ ಅರ್ಥ. ಕನ್ನಡದಲ್ಲಿ ಅದು ಸುಟ್ಟಮಣ್ಣು ಅಥವಾ ಸುಡುಮಣ್ಣು. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಈ ಸುಟ್ಟಮಣ್ಣು ಮಡಕೆಯಾಗಿ, ಇಟ್ಟಿಗೆಯಾಗಿ, ಹೆಂಚಾಗಿ, ಗಾರೆಯಾಗಿ, ಕೊನೆಗೆ ಬರಿಯ ಬಣ್ಣವಾಗಿಯೂ ಜನಜೀವನದೊಡನೆ ಬೆರೆತು ಬಂದ ಬಗೆಯನ್ನು ಅವಲೋಕಿಸುವುದು ಈ ಲೇಖನದ ಉದ್ದೇಶ.

ನಾಭಿರಾಜನ ಮೊದಲ ಪಾತ್ರೆ

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಮನನೀಯವಾದ ಒಂದು ಪ್ರಸಂಗವಿದೆ. ಭೋಗಭೂಮಿಯ ಕಾಲ ಮುಗಿದು ಕಲ್ಪವೃಕ್ಷಗಳು ಮರೆಯಾದಾಗ ಪ್ರಜೆಗಳು ಹಸಿವಿನಿಂದ ಕಂಗೆಟ್ಟು ಕೊನೆಯ ಕುಲಕರನಾದ ನಾಭಿರಾಜನ ಬಳಿಗೆ ಬಂದರು. ದಯಾಳುವಾದ ಆತನು ಯಾವ ಸಸ್ಯಗಳು ಆಹಾರಕ್ಕೆ ಯೋಗ್ಯವೆಂಬುದನ್ನು ತೋರಿಸಿಕೊಟ್ಟುದಲ್ಲದೆ, ಆನೆಯ ಕುಂಭಸ್ಥಳದ ಮೇಲೆ ಹಸಿಮಣ್ಣನ್ನಿಟ್ಟು ಪಾತ್ರೆಗಳ ಆಕಾರವನ್ನು ತೆಗೆದು, ಅವನ್ನು ಮಾಡುವ ಬಗೆಯನ್ನು ಕಲಿಸಿದನು. ಕರ್ಮಭೂಮಿಯ ಮೊದಲ ಗೃಹೋಪಕರಣವೇ ಮಣ್ಣಿನ ಪಾತ್ರೆ ಎಂದು ಇದರಿಂದ ತಿಳಿಯುತ್ತದೆ. ಮುಂದೆ ಆತನ ಪುತ್ರನಾದ ಭಗವಾನ್ ವೃಷಭನಾಥನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಉಪದೇಶಿಸಿದನು. ಶಿಲ್ಪವೂ ವಾಣಿಜ್ಯವೂ ಒಂದೇ ಸಾಲಿನಲ್ಲಿ ನಿಂತಿರುವುದನ್ನು ಗಮನಿಸಬೇಕು. ಮಾಡುವವನ ಕೈಯಿಲ್ಲದೆ ಮಾರುವವನ ಅಂಗಡಿಯಿಲ್ಲ.

ತೀರ್ಥಂಕರರ ಮಾತೆಯು ಕಾಣುವ ಹದಿನಾರು ಸ್ವಪ್ನಗಳಲ್ಲಿ ಪೂರ್ಣಕುಂಭಗಳಿವೆ. ಹತ್ತೊಂಬತ್ತನೆಯ ತೀರ್ಥಂಕರನಾದ ಮಲ್ಲಿನಾಥನ ಲಾಂಛನವು ಕಳಶ. ಅಷ್ಟಮಂಗಲಗಳಲ್ಲಿಯೂ ಕಳಶಕ್ಕೆ ಸ್ಥಾನವಿದೆ. ಪುರಾಣಗಳಲ್ಲಿ ಇವು ಸ್ವರ್ಣಕಲಶಗಳೇ ಆಗಿರಬಹುದು. ಆದರೆ ಆ ದುಂಡು ಹೊಟ್ಟೆ, ಕಿರಿದಾದ ಕೊರಳು, ಹೊರಬಾಗಿದ ಬಾಯಂಚು ಕುಂಬಾರನ ತಿಗರಿಯಿಂದ ಬಂದ ರೂಪಗಳು. ಅಕ್ಕಸಾಲಿಗನೂ ಕಂಚುಗಾರನೂ ಅದನ್ನೇ ಅನುಸರಿಸಿದರು.

ನೆಲದಡಿಯ ಸಾಕ್ಷ್ಯ

ಮಂಡ್ಯ ಸೀಮೆಯ ನೆಲ ಬಹುಪಾಲು ಕೆಂಪುನೆಲ. ಮಣ್ಣಿನಲ್ಲಿರುವ ಕಬ್ಬಿಣದ ಅಂಶವೇ ಈ ಬಣ್ಣಕ್ಕೆ ಕಾರಣ. ಕೆರೆಯಂಗಳದಲ್ಲಿ ಶೇಖರವಾಗುವ ನುಣುಪಾದ ಜೇಡಿಮಣ್ಣು ಬೂದು ಬಣ್ಣದ್ದಾಗಿ ಕಂಡರೂ ಆವಿಗೆಯಲ್ಲಿ ಬೆಂದು ಹೊರಬರುವಾಗ ಕೆಂಪಾಗುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಕಬ್ಬಿಣವು ಗಾಳಿಯೊಡನೆ ಕೂಡಿ ಕೆಂಪುಬಣ್ಣ ಕೊಡುತ್ತದೆ. ಹೊಗೆ ಒಳಗೇ ಉಳಿದು ಗಾಳಿ ಸಾಲದೆ ಹೋದರೆ ಅದೇ ಮಣ್ಣು ಕಪ್ಪಾಗುತ್ತದೆ. ಈ ಮರ್ಮವನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ದಕ್ಷಿಣದ ಕುಂಬಾರರು ಅರಿತಿದ್ದರು. ಬೃಹತ್ ಶಿಲಾಸಮಾಧಿಗಳ ಕಾಲದ ಮಡಕೆಗಳು ಒಳಗೂ ಬಾಯಂಚಿನಲ್ಲೂ ಕಪ್ಪು, ಹೊರಗೆ ಕೆಂಪು. ಒಂದೇ ಸುಡುವಿಕೆಯಲ್ಲಿ ಎರಡು ಬಣ್ಣ ಪಡೆಯಲು ಮಡಕೆಯನ್ನು ಬೋರಲಾಗಿಟ್ಟು ಸುಡುತ್ತಿದ್ದರೆಂದು ಪುರಾತತ್ತ್ವಜ್ಞರು ವಿವರಿಸುತ್ತಾರೆ.

ಮಳವಳ್ಳಿಗೆ ಅನತಿದೂರದಲ್ಲಿ, ಕಾವೇರಿ-ಕಪಿಲಾ ಸಂಗಮದ ತಿರುಮಕೂಡಲು ನರಸೀಪುರದಲ್ಲಿ, ನವಶಿಲಾಯುಗದ ನೆಲೆಯೊಂದು ಉತ್ಖನನದಿಂದ ಬೆಳಕಿಗೆ ಬಂದಿತು. ಅಲ್ಲಿ ದೊರೆತ ವಸ್ತುಗಳಲ್ಲಿ ಸುಟ್ಟಮಣ್ಣಿನ ತಲೆದಿಂಬು ಪ್ರಸಿದ್ಧವಾಗಿದೆ. ಲೋಹದ ಬಳಕೆ ಇನ್ನೂ ಹರಡದಿದ್ದ ಕಾಲದಲ್ಲಿ ಕಾವೇರಿ ತೀರದ ಮನುಷ್ಯನು ತಲೆಯಿಟ್ಟು ಮಲಗಲು ಸುಟ್ಟಮಣ್ಣನ್ನೇ ಬಳಸಿದ್ದನು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಕೈಗೊಂಡ ಉತ್ಖನನವೂ, ಅಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ವ್ಹೀಲರ್ ಅವರು 1947ರಲ್ಲಿ ನಡೆಸಿದ ಉತ್ಖನನವೂ ಸಾತವಾಹನ ಕಾಲದ ಮಡಕೆಗಳನ್ನು ಬೆಳಕಿಗೆ ತಂದವು. ಕೆಂಗಂದು ಲೇಪದ ಕೆಳಗೆ ಬಿಳಿಯ ಗೆರೆಗಳ ಚಿತ್ತಾರವಿದ್ದ ಪಾತ್ರೆಗಳು ಅವುಗಳಲ್ಲಿದ್ದವು. ರಾಜರ ಹೆಸರು ಅಳಿದರೂ ಮಡಕೆಯ ಚೂರು ಅಳಿಯುವುದಿಲ್ಲ. ಇತಿಹಾಸಕಾರರು ನೆಲೆಯ ಕಾಲವನ್ನು ಮೊದಲು ಓದುವುದು ಇಂತಹ ಓಡುಗಳಿಂದಲೇ.

ಹೊರನಾಡುಗಳಲ್ಲಿಯೂ ಇದೇ ಮಾತು. ಚೀನಾದ ಷಿಯಾನ್ ನಗರದ ಬಳಿ 1974ರಲ್ಲಿ ರೈತರು ಬಾವಿ ತೋಡುವಾಗ ಸುಟ್ಟಮಣ್ಣಿನ ಆಳೆತ್ತರದ ಸೈನಿಕರ ಬೊಂಬೆಗಳು ದೊರೆತವು. ಕಲ್ಲು ವಿರಳವಾದ ವಂಗದೇಶದಲ್ಲಿ ದೇವಾಲಯಗಳ ಗೋಡೆಗಳನ್ನೇ ಸುಟ್ಟಮಣ್ಣಿನ ಫಲಕಗಳಿಂದ ಅಲಂಕರಿಸಿದರು. 1643ರಲ್ಲಿ ಕಟ್ಟಲಾದ ವಿಷ್ಣುಪುರದ ಶ್ಯಾಮರಾಯ ಗುಡಿ ಇದಕ್ಕೆ ನಿದರ್ಶನ. ಈಗ ಬಾಂಗ್ಲಾದೇಶದಲ್ಲಿರುವ ಪಹಾಡಪುರದ ಬೌದ್ಧವಿಹಾರವು ಇಂತಹ ಫಲಕಗಳಿಗೆ ಹೆಸರಾಗಿದೆ. ಅದೇ ಸ್ಥಳದಲ್ಲಿ ದೊರೆತ ಕ್ರಿ.ಶ. 479ರ ತಾಮ್ರಶಾಸನವು, ಬ್ರಾಹ್ಮಣ ದಂಪತಿಗಳು ನಿರ್ಗ್ರಂಥಾಚಾರ್ಯ ಗುಹನಂದಿಯ ಶಿಷ್ಯಪರಂಪರೆಯ ಜೈನವಿಹಾರಕ್ಕೆ ಭೂಮಿಯನ್ನು ಕೊಟ್ಟ ಸಂಗತಿಯನ್ನು ತಿಳಿಸುತ್ತದೆ.

ತಿಪ್ಪೂರು ತೀರ್ಥ

ಮದ್ದೂರು ತಾಲ್ಲೂಕಿನ ಆರೇತಿಪ್ಪೂರು ಈ ಸೀಮೆಯ ಜೈನರ ಪುರಾತನ ತೀರ್ಥ. ಕನಕಗಿರಿ ಮತ್ತು ಸವಣಪ್ಪನ ಬೆಟ್ಟವೆಂಬ ಎರಡು ಗುಡ್ಡಗಳು ಅಲ್ಲಿವೆ. ಸವಣಪ್ಪನ ಬೆಟ್ಟದ ಮೇಲೆ ಬಾಹುಬಲಿಸ್ವಾಮಿಯ ಮೂರ್ತಿ ನಿಂತಿದೆ. ಕನಕಗಿರಿಯ ಮೇಲೆ ಪ್ರಾಚೀನ ಬಸದಿಗಳ ಅವಶೇಷಗಳು ಉತ್ಖನನದಿಂದ ಹೊರಬಂದಿವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಚೋಳರ ಸಾಮಂತನನ್ನು ಸೋಲಿಸಿ ತಲಕಾಡನ್ನು ಗೆದ್ದುಕೊಟ್ಟಾಗ, ಅರಸನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದನು. ಗಂಗರಾಜನು ಬೇಡಿದುದು ಈ ತಿಪ್ಪೂರನ್ನು; ಬೇಡಿ ಪಡೆದು 1117ರಲ್ಲಿ ಮೇಘಚಂದ್ರ ಸಿದ್ಧಾಂತದೇವರಿಗೆ ದಾನ ಮಾಡಿದನು. ಗೆದ್ದ ಸೇನಾನಿಯು ತನಗಾಗಿ ಏನನ್ನೂ ಇರಿಸಿಕೊಳ್ಳಲಿಲ್ಲವೆಂಬುದು ಆ ಶಾಸನದಿಂದ ಮೂಡುವ ಚಿತ್ರ.

ಶಾಸನವು ದಾನಿಯನ್ನೂ ಗುರುವನ್ನೂ ಹೆಸರಿಸುತ್ತದೆ. ತೀರ್ಥದಲ್ಲಿ ನೆಲೆಸಿದವರಿಗೆ, ಬಂದು ಹೋಗುವ ಯಾತ್ರಿಕರಿಗೆ ನೀರಿನ ಹರವಿಗಳನ್ನೂ ಅಡುಗೆಯ ಗಡಿಗೆಗಳನ್ನೂ ದೀಪದ ಹಣತೆಗಳನ್ನೂ ಒದಗಿಸಿದ ಕೈಗಳ ಹೆಸರು ಕಲ್ಲಿನ ಮೇಲೆ ಬರುವುದು ಅಪರೂಪ. ದೀಪವಿಲ್ಲದ ಬಸದಿಯುಂಟೆ? ಹಣತೆಯಿಲ್ಲದ ದೀಪವುಂಟೆ?

ಮನೆಯೊಳಗಿನ ಸುಟ್ಟಮಣ್ಣು

ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಪಾತ್ರೆಗಳು ಹಳ್ಳಿಗಳಿಗೆ ಹರಡುವ ಮೊದಲು ಮಂಡ್ಯ ಸೀಮೆಯ ಅಡುಗೆಮನೆಯೆಂದರೆ ಬಹುಮಟ್ಟಿಗೆ ಕುಂಬಾರನ ಮನೆಯೇ. ರಾಗಿಹಿಟ್ಟು ಬೇಯಲು ಮಡಕೆ, ಸಾರಿಗೆ ಕುಡಿಕೆ, ರೊಟ್ಟಿಗೆ ಹೆಂಚು, ಹಾಲು ಮೊಸರಿಗೆ ಗಡಿಗೆ, ನೀರಿಗೆ ಹರವಿ, ದನಕರುಗಳ ಕಲಗಚ್ಚಿಗೆ ಬಾನಿ, ಧಾನ್ಯಕ್ಕೆ ಗುಡಾಣ ಮತ್ತು ವಾಡೆ ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಆಕಾರ. ರಾಗಿ, ಹುರುಳಿ, ಅವರೆಗಳನ್ನು ವಾಡೆಯಲ್ಲಿ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಹುಳು ಹುಪ್ಪಟೆಯ ಕಾಟ ಕಡಿಮೆ. ಧಾನ್ಯದ ವ್ಯಾಪಾರಿಗೆ ವಾಡೆಯೇ ಉಗ್ರಾಣ, ವಾಡೆಯೇ ಬಂಡವಾಳ. ಹರವಿಯ ಮೈಯಲ್ಲಿನ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದ ಒಳಗಿನ ನೀರು ಬೇಸಗೆಯಲ್ಲಿಯೂ ತಣ್ಣಗಿರುತ್ತದೆ.

ಮಡಕೆ ಕೊಳ್ಳುವವರು ಅದನ್ನು ಬೆರಳ ಗೆಣ್ಣಿನಿಂದ ಬಡಿದು ನಾದ ಕೇಳಿ ಕೊಳ್ಳುತ್ತಾರೆ. ಕಂಚಿನಂತೆ ದನಿ ಬಂದರೆ ಚೆನ್ನಾಗಿ ಬೆಂದಿದೆ ಎಂದು ಅರ್ಥ. ದನಿ ಮಂಕಾದರೆ ಬಿರುಕೋ ಹಸಿಯೋ ಇದೆ. ಅಂಗಡಿಯ ಮಾತು ಎಷ್ಟೇ ಇಂಪಾಗಿದ್ದರೂ ಸರಕು ತನ್ನ ದನಿಯಲ್ಲೇ ನಿಜ ನುಡಿಯುವ ವ್ಯವಹಾರವಿದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯು ಈ ಕಸುಬಿನ ಶ್ರಮವನ್ನು ಸಾರುತ್ತದೆ. ಕೆರೆಯಂಗಳದಿಂದ ಮಣ್ಣು ತರಬೇಕು. ಕಲ್ಲು ಬೇರು ತೆಗೆದು ಮರಳೋ ಬೂದಿಯೋ ಬೆರೆಸಬೇಕು. ಕಾಲಿನಿಂದ ತುಳಿದು ಹದಗೊಳಿಸಬೇಕು. ತಿಗರಿಯ ಮೇಲೆ ಎತ್ತಿ, ಹಲಗೆಯಿಂದ ತಟ್ಟಿ, ನೆರಳಿನಲ್ಲಿ ಆರಿಸಿ, ಕೆಮ್ಮಣ್ಣಿನ ಲೇಪ ಕೊಟ್ಟು ಆವಿಗೆಗೆ ಇಡಬೇಕು. ಅಕಾಲದ ಒಂದು ಮಳೆ ಬಂದರೆ ತಿಂಗಳ ದುಡಿಮೆ ಮತ್ತೆ ಕೆಸರು.

ಮದುವೆಯ ಐರಾಣಿ ಮಡಕೆಗಳನ್ನು ಕುಂಬಾರರ ಮನೆಗೆ ಹೋಗಿ ಮರ್ಯಾದೆ ಮಾಡಿ ತರುವ ಶಾಸ್ತ್ರವು ಹಲವು ಸಮುದಾಯಗಳಲ್ಲಿ ಉಂಟು. ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದ ಆ ಮಡಕೆಗಳು ಹಸೆಯ ಬಳಿ ಬಾರದೆ ಮಂಗಳಕಾರ್ಯ ಸಾಗದು. ವರ್ಷವಿಡೀ ಸಾಲ ಹೇಳಿ ಮಡಕೆ ಕೊಂಡವರೂ ಆ ದಿನ ತಾಂಬೂಲ ಹಿಡಿದು ಕುಂಬಾರನ ಹೊಸ್ತಿಲಿಗೆ ಹೋಗುತ್ತಿದ್ದರು.

ಇಟ್ಟಿಗೆ, ಹೆಂಚು, ಸುರ್ಕಿ

ಕಟ್ಟಡಗಳ ಕಡೆಗೆ ತಿರುಗಿದರೆ ಕಲ್ಲಿನ ಗರ್ಭಗೃಹದ ಮೇಲೆ ಇಟ್ಟಿಗೆ ಗಾರೆಗಳ ಶಿಖರವನ್ನು ಎತ್ತುವ ಪದ್ಧತಿ ದಕ್ಷಿಣದಲ್ಲಿ ವ್ಯಾಪಕವಾಗಿತ್ತು. ಕಲ್ಲಿಗಿಂತ ಹಗುರವಾದ ಇಟ್ಟಿಗೆಯಿಂದ ಎತ್ತರವನ್ನು ಸಾಧಿಸುವುದು ಸುಲಭ. ಗಾರೆಯಲ್ಲಿ ಮೂರ್ತಿಗಳನ್ನೂ ಬಳ್ಳಿಗಳನ್ನೂ ಮೂಡಿಸುವುದೂ ಸುಲಭ. ಶ್ರೀರಂಗಪಟ್ಟಣದ ಕರ್ನಲ್ ಬೈಲಿ ಸೆರೆಮನೆಯ ಕಮಾನುಗಳು ಇಟ್ಟಿಗೆ ಗಾರೆಗಳ ಬಲಕ್ಕೆ ಸಾಕ್ಷಿ. ಮದ್ದೂರಿನಲ್ಲಿ ಶಿಂಷಾ ನದಿಗೆ 1850ರಲ್ಲಿ ಏಳು ಕಮಾನುಗಳ ಇಟ್ಟಿಗೆಯ ಸೇತುವೆಯನ್ನು ಕಟ್ಟಲಾಯಿತೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಬೆಂಗಳೂರು-ಮೈಸೂರು ಹೆದ್ದಾರಿಯ ಸರಕು ಸಾಗಾಣಿಕೆ ಆ ಕಾಲದಲ್ಲಿ ಸುಟ್ಟಮಣ್ಣಿನ ಆ ಏಳು ಕಮಾನುಗಳ ಮೇಲೆಯೇ ಸಾಗುತ್ತಿತ್ತು.

ಸೀಮೆಯ ತೊಟ್ಟಿಮನೆಗಳ ಮೇಲೆ ಇದ್ದುದು ನಾಡಹೆಂಚು. ಕುಂಬಾರನು ತಿಗರಿಯ ಮೇಲೆ ಕೊಳವೆಯಾಕಾರವನ್ನು ಎತ್ತಿ, ಹಸಿಯಿರುವಾಗಲೇ ಉದ್ದಕ್ಕೆ ಸೀಳಿ ಎರಡು ಮಾಡಿ ಸುಡುತ್ತಿದ್ದನು. ಒಂದು ಸಾಲು ಅಂಗಾತ, ಒಂದು ಸಾಲು ಬೋರಲು ಹೊದಿಸಿದರೆ ಮಳೆಯ ನೀರು ಸರಾಗವಾಗಿ ತೊಟ್ಟಿಗೆ ಇಳಿಯುತ್ತಿತ್ತು. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಕೈಯಾಡಿಸಬೇಕೆಂಬುದೊಂದೇ ಅದರ ತೊಡಕು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಯಂತ್ರದಲ್ಲಿ ಒತ್ತಿದ, ಒಂದಕ್ಕೊಂದು ಕಚ್ಚಿಕೊಳ್ಳುವ ‘ಮಂಗಳೂರು ಹೆಂಚು’ ರೂಢಿಗೆ ಬಂದಿತು. 1881-82ರಲ್ಲಿ ಬೆಂಗಳೂರು-ಮೈಸೂರು ರೈಲುಮಾರ್ಗ ಮದ್ದೂರು ಮಂಡ್ಯಗಳ ಮೂಲಕ ಹಾದುಹೋದುದು ದೂರದ ಸರಕುಗಳಿಗೆ ಈ ಸೀಮೆಯ ಬಾಗಿಲನ್ನು ತೆರೆಯಿತು. ಶಾಲೆ, ಛತ್ರ, ಗಿರಣಿ, ಮನೆಗಳ ಮೇಲೆ ಕೆಂಪು ಹೆಂಚು ಏರಿದಂತೆಲ್ಲ ನಾಡಹೆಂಚಿನ ಕುಂಬಾರನ ತಿಗರಿ ನಿಧಾನವಾಯಿತು.

ಮಂಡ್ಯದ ಬಾಳನ್ನೇ ಬದಲಿಸಿದ ಕನ್ನಂಬಾಡಿ ಕಟ್ಟೆಯ ಒಡಲಲ್ಲೂ ಸುಟ್ಟಮಣ್ಣಿದೆ ಎಂಬುದು ಹಲವರಿಗೆ ತಿಳಿಯದು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟಡಕ್ಕೆ ಬಳಸಿದ್ದು ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯನ್ನು ನುಣ್ಣಗೆ ಪುಡಿಮಾಡಿ ಸುಣ್ಣದೊಡನೆ ಅರೆದರೆ ನೀರಿನಲ್ಲಿಯೂ ಗಟ್ಟಿಯಾಗುವ ಗಾರೆ ದೊರೆಯುತ್ತದೆ. ಬೆಂದ ಜೇಡಿಯು ಸುಣ್ಣದೊಡನೆ ನಿಧಾನವಾಗಿ ಬೆಸೆದುಕೊಳ್ಳುವುದೇ ಇದರ ಗುಟ್ಟು. ಸಿಮೆಂಟು ಹೊರದೇಶದಿಂದ ಬರಬೇಕಾಗಿದ್ದ, ಬಲುದುಬಾರಿಯಾಗಿದ್ದ ಆ ಕಾಲದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರೂ ಅವರ ಸಹೋದ್ಯೋಗಿಗಳೂ ನಾಡಿನ ಸುಣ್ಣವನ್ನೂ ಸುಟ್ಟಮಣ್ಣನ್ನೂ ನಂಬಿದರು. ಸುಮಾರು 8,600 ಅಡಿ ಉದ್ದದ ಆ ಕಟ್ಟೆ ಇಂದಿಗೂ ಕಾವೇರಿಯನ್ನು ತಡೆದು ನಿಲ್ಲಿಸಿದೆ. ಅಲ್ಲಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆ ಕಬ್ಬಿನ ತೋಟಗಳಿಗೆ ಹರಿಯುತ್ತಿದೆ.

ಕೆಮ್ಮಣ್ಣಿನ ಬಣ್ಣ

ವಸ್ತುವಾಗಿ ಮಾತ್ರವಲ್ಲದೆ ಬಣ್ಣವಾಗಿಯೂ ಮಣ್ಣಿನ ಕೆಂಪು ಜನರ ಕಣ್ಣಿನಲ್ಲಿ ನೆಲೆಸಿದೆ. ಹಬ್ಬದ ದಿನ ಅಂಗಳವನ್ನು ಸಾರಿಸಿ ಕೆಮ್ಮಣ್ಣಿನ ಅಂಚು ಎಳೆದು ಬಿಳಿಯ ರಂಗೋಲಿ ಇಡುವುದು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುವುದು, ದೇವಾಲಯಗಳ ಪೌಳಿಗೋಡೆಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಹಾಕುವುದು ಬಹುಕಾಲದ ರೂಢಿ. ಬಿಳಿಯ ಪಕ್ಕದಲ್ಲಿ ಕೆಂಪು ಎದ್ದು ಕಾಣುತ್ತದೆ, ಮಳೆಯಲ್ಲಿ ಸಿಡಿಯುವ ಕೆಸರಿನ ಕಲೆಯೂ ಅದರಲ್ಲಿ ಮರೆಯಾಗುತ್ತದೆ. ಸೌಂದರ್ಯವೂ ಉಪಯೋಗವೂ ಒಟ್ಟಿಗೆ ಇವೆ. ಇಪ್ಪತ್ತನೆಯ ಶತಮಾನದಲ್ಲಿ ಬಂದ ನುಣುಪಾದ ಕೆಂಪು ಗಾರೆಯ ನೆಲವೂ ಈ ಪರಂಪರೆಯ ಮುಂದುವರಿಕೆಯೇ. ಬೆಂಗಳೂರಿನಲ್ಲಿ 1868ರಲ್ಲಿ ಪೂರ್ಣಗೊಂಡ ಅಠಾರ ಕಚೇರಿಯ ಕೆಂಪು ರಾಜ್ಯದ ಜನರಿಗೆಲ್ಲ ಪರಿಚಿತ.

ಜೈನ ಸಂಪ್ರದಾಯದಲ್ಲಿಯೂ ಕೆಂಪಿಗೆ ಗೌರವದ ಸ್ಥಾನವಿದೆ. ಇಪ್ಪತ್ತನಾಲ್ವರು ತೀರ್ಥಂಕರರಲ್ಲಿ ಪದ್ಮಪ್ರಭ ಮತ್ತು ವಾಸುಪೂಜ್ಯರು ರಕ್ತವರ್ಣದವರು. ಪಂಚಪರಮೇಷ್ಠಿಗಳಲ್ಲಿ ಸಿದ್ಧರ ಬಣ್ಣ ಕೆಂಪು. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಕಾಲದಲ್ಲಿ ಸರ್ವಮಾನ್ಯವಾದ ಪಂಚವರ್ಣ ಧ್ವಜದಲ್ಲಿಯೂ ಆ ಕೆಂಪು ಸೇರಿದೆ. ಬೆಂಕಿಯಲ್ಲಿ ಹಾಯ್ದು ಹಸಿತನವನ್ನು ಕಳೆದುಕೊಂಡ ಮಣ್ಣು ಮತ್ತೆ ನೀರಿನಲ್ಲಿ ಕರಗದು. ತಪಸ್ಸಿನಿಂದ ಕರ್ಮವನ್ನು ಸುಟ್ಟ ಆತ್ಮವು ಮತ್ತೆ ಸಂಸಾರಕ್ಕೆ ಇಳಿಯದೆಂಬ ತತ್ತ್ವವನ್ನು ಬಲ್ಲವರಿಗೆ ಈ ಹೋಲಿಕೆ ಹೊಳೆಯದಿರದು.

ಗಡಿಗೆಯ ದೃಷ್ಟಾಂತ

ಪೂಜ್ಯಪಾದಾಚಾರ್ಯರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಉತ್ಪಾದ, ವ್ಯಯ, ಧ್ರೌವ್ಯಗಳನ್ನು ವಿವರಿಸಲು ಮಣ್ಣಿನ ಮುದ್ದೆಯನ್ನೇ ಆರಿಸಿಕೊಂಡರು. ಗಡಿಗೆ ಹುಟ್ಟುವಾಗ ಮುದ್ದೆಯ ಆಕಾರ ಅಳಿಯುತ್ತದೆ. ಮಣ್ಣು ಮಾತ್ರ ಎರಡರಲ್ಲಿಯೂ ಉಳಿಯುತ್ತದೆ. ಮಣ್ಣು ಉಪಾದಾನ, ಕುಂಬಾರ ನಿಮಿತ್ತ ಎಂಬ ವಿಚಾರವನ್ನು ಪ್ರವಚನಗಳಲ್ಲಿ ಕೇಳದ ಶ್ರಾವಕರಿಲ್ಲ.

ಆದರೆ ಇಲ್ಲೊಂದು ತೊಡಕೂ ಇದೆ. ಪೃಥ್ವಿಯೂ ಅಗ್ನಿಯೂ ಏಕೇಂದ್ರಿಯ ಜೀವಿಗಳ ಕಾಯವೆಂದು ಜೈನಧರ್ಮ ತಿಳಿಸುತ್ತದೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕರು ಬಿಡಬೇಕಾದ ಕಸುಬುಗಳಲ್ಲಿ ಅಂಗಾರಜೀವಿಕೆಯನ್ನು ಎಣಿಸಿ, ಕುಂಬಾರಿಕೆಯನ್ನೂ ಇಟ್ಟಿಗೆ ಸುಡುವುದನ್ನೂ ಅದರಲ್ಲಿ ಸೇರಿಸಿದೆ. ಹಾಗಾದರೆ ಇಟ್ಟಿಗೆಯ ಬಸದಿಯಲ್ಲಿ ಪೂಜೆ ಮಾಡುತ್ತ, ಹೆಂಚಿನ ಸೂರಿನಡಿ ಮಲಗುತ್ತ, ಸುಡುವ ಕಸುಬನ್ನೂ ಅದರ ದೋಷವನ್ನೂ ಪರರಿಗೆ ಬಿಟ್ಟು ತಾನು ಶುದ್ಧನೆಂದು ಹೇಳಿಕೊಳ್ಳುವುದು ನ್ಯಾಯವೆ?

ಈ ಪ್ರಶ್ನೆಗೆ ಬೆಳಕು ನೀಡುವ ಕಥೆಯೊಂದು ಶ್ವೇತಾಂಬರ ಆಗಮವಾದ ಉವಾಸಗದಸಾಓದಲ್ಲಿದೆ. ಪೋಲಾಸಪುರದ ಸದ್ದಾಲಪುತ್ತನು ಕುಂಬಾರ. ಊರ ಹೊರಗೆ ಅವನಿಗೆ ಐನೂರು ಮಡಕೆಯಂಗಡಿಗಳಿದ್ದವು. ಎಲ್ಲವೂ ನಿಯತಿಯಿಂದಲೇ ನಡೆಯುತ್ತದೆ, ಪ್ರಯತ್ನವೆಂಬುದಿಲ್ಲ ಎಂಬ ಆಜೀವಿಕ ಮತ ಅವನದು. ಭಗವಾನ್ ಮಹಾವೀರರು ಒಣಗಲಿಟ್ಟ ಮಡಕೆಗಳನ್ನು ತೋರಿಸಿ, ಇವು ಪ್ರಯತ್ನದಿಂದ ಆದವೋ ಇಲ್ಲದೆಯೇ ಆದವೋ ಎಂದು ಕೇಳಿದರು. ಪ್ರಯತ್ನವಿಲ್ಲದೆಯೇ ಆದವು ಎಂದನು ಅವನು. ಯಾರಾದರೂ ಇವನ್ನು ಕದ್ದರೆ, ಒಡೆದರೆ ಏನು ಮಾಡುವೆ ಎಂದು ಮತ್ತೆ ಕೇಳಿದರು. ಅಂಥವನನ್ನು ಬೈದು ಹೊಡೆಯುವೆನೆಂದನು. ಎಲ್ಲವೂ ನಿಯತಿಯಾದರೆ ಒಡೆದವನ ತಪ್ಪೇನು ಎಂಬ ಮಾತಿಗೆ ಅವನಲ್ಲಿ ಉತ್ತರವಿರಲಿಲ್ಲ. ಅವನು ಅಣುವ್ರತಗಳನ್ನು ಸ್ವೀಕರಿಸಿ ಮಹಾವೀರರ ಪ್ರಮುಖ ಶ್ರಾವಕರಲ್ಲಿ ಒಬ್ಬನಾದನು. ಮಹಾವೀರರು ಕುಂಬಾರನ ಮಳಿಗೆಯಿಂದ ದೂರ ನಿಲ್ಲಲಿಲ್ಲ. ಅವನ ಮಡಕೆಯನ್ನೇ ಉಪದೇಶದ ಸಾಧನವಾಗಿ ಮಾಡಿಕೊಂಡರು. ಅವನ ಶ್ರಮಕ್ಕೆ ಬೆಲೆಯಿದೆ, ಅವನ ಕ್ರಿಯೆಗೆ ಅವನೇ ಹೊಣೆ ಎಂಬುದೇ ಆ ಉಪದೇಶದ ತಿರುಳು. ಮಾಡಿದವನ ಶ್ರಮಕ್ಕೆ ಬೆಲೆಯಿರುವಂತೆ ಬಳಸುವವನಿಗೂ ಹೊಣೆಯಿದೆ.

ಇಂದಿನ ಕರ್ತವ್ಯ

ಈ ಹೊಣೆಯನ್ನು ನಿಭಾಯಿಸುವ ದಾರಿ ಮಿತಬಳಕೆ ಮತ್ತು ಮರುಬಳಕೆ. ಒಮ್ಮೆ ಬೆಂದ ಮಣ್ಣು ಅಚಿತ್ತ. ಅದನ್ನು ಒಡೆದು ತಿಪ್ಪೆಗೆ ಎಸೆದು ಹೊಸದನ್ನು ಸುಡಿಸಿದರೆ ಹಿಂಸೆ ಇಮ್ಮಡಿಯಾಗುತ್ತದೆ. ಇಟ್ಟಿಗೆ ಗೂಡುಗಳಿಗಾಗಿ ಗದ್ದೆಯ ಮೇಲ್ಮಣ್ಣನ್ನು ಕೆರೆದು ಮಾರಿದ ರೈತನ ಹೊಲ ಬಹುಕಾಲ ಬಡವಾಗುತ್ತದೆ. ಆದುದರಿಂದ ಜೀರ್ಣೋದ್ಧಾರದ ಕಾರ್ಯ ಕೈಗೊಂಡವರು ಹಳೆಯ ಬಸದಿಯ ಗಟ್ಟಿ ಇಟ್ಟಿಗೆಗಳನ್ನು ಎಣಿಸಿ ಇರಿಸಿ ಮರಳಿ ಗೋಡೆಗೆ ಸೇರಿಸುವುದು ಯುಕ್ತ. ಒಡೆದ ಇಟ್ಟಿಗೆ ಹೆಂಚುಗಳನ್ನು ಪುಡಿಮಾಡಿ ಸುರ್ಕಿಯಾಗಿ ಸುಣ್ಣಕ್ಕೆ ಬೆರೆಸಬಹುದು. ಹಳೆಯ ಸುಣ್ಣದ ಗೋಡೆಗೆ ಸಿಮೆಂಟನ್ನು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಉಪ್ಪು ಹೂತು ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣ ಸುರ್ಕಿಯ ಗಾರೆಯಾದರೆ ಗೋಡೆಯು ಉಸಿರಾಡುತ್ತದೆ. ಇದು ಭಾವುಕತೆಯ ಮಾತಲ್ಲ, ಲೆಕ್ಕಾಚಾರದ ಮಾತು. ಹಣವೂ ಉಳಿಯುತ್ತದೆ, ಕಟ್ಟಡವೂ ಉಳಿಯುತ್ತದೆ.

ಪುರಾತನ ತೀರ್ಥಗಳಲ್ಲಿ ನೆಲದ ಮೇಲೆ ಬಿದ್ದಿರುವ ಇಟ್ಟಿಗೆಯ ಚೂರು, ಮಡಕೆಯ ಓಡುಗಳನ್ನು ನೆನಪಿಗೆಂದು ಮನೆಗೆ ಒಯ್ಯದಿರುವುದೂ ಧರ್ಮವೇ. ಅಲ್ಲಿದ್ದರೆ ಅದು ಇತಿಹಾಸ, ಮನೆಗೆ ಬಂದರೆ ಬರಿಯ ಚೂರು. ಅಂಕುರಾರ್ಪಣದ ಪಾಲಿಕೆಗಳನ್ನೂ ದೀಪೋತ್ಸವದ ಹಣತೆಗಳನ್ನೂ ಸೀಮೆಯ ಕುಂಬಾರರಿಂದಲೇ, ಚೌಕಾಸಿಯಿಲ್ಲದೆ ಕೊಳ್ಳುವ ಪದ್ಧತಿ ಬೆಳೆದರೆ ತಿಗರಿಗಳು ಇನ್ನೂ ಕೆಲವು ಕಾಲ ತಿರುಗಿಯಾವು.

ಗಂಗರಾಜನು ಗೆದ್ದ ನಾಡಿನಲ್ಲಿ ಒಂದು ತೀರ್ಥವನ್ನು ಬೇಡಿ ಪಡೆದು ದಾನ ಮಾಡಿದನು. ಅಂತಹ ದಾನ ಎಲ್ಲರಿಗೂ ಶಕ್ಯವಲ್ಲ. ಒಂದು ಹಣತೆಯ ನ್ಯಾಯವಾದ ಬೆಲೆಯನ್ನು ಕೊಡುವುದು, ಅದನ್ನು ಮಾಡಿದ ಕೈಗೆ ನಮಸ್ಕರಿಸುವುದು ಎಲ್ಲರಿಗೂ ಶಕ್ಯ. ಪ್ರತಿಷ್ಠಾ ಮಹೋತ್ಸವದ ದೀಪಗಳು ಆ ಕೃತಜ್ಞತೆಯ ಬೆಳಕಿನಲ್ಲಿ ಬೆಳಗಲಿ. ಸಕಲ ಜೀವರಾಶಿಗೂ ಮಂಗಳವಾಗಲಿ.